ಮಾವನ ಕುವೈತ್, ಅಳಿಯನ ಖಾರ್ಕಿವ್: ವಾಪಸ್ ಹೋಗಬೇಕಾ ಬೇಡವಾ

2022ರ ಸೆಪ್ಟೆಂಬರ್. ತೀರ್ಥಹಳ್ಳಿ ತಾಲೂಕಿನ ಒಂದು ಅಡಿಕೆ ತೋಟದ ಮನೆ. ಆ ಮನೆಯ ಹುಡುಗ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೇ ವರ್ಷದ ಎಂಬಿಬಿಎಸ್ ಓದುತ್ತಿದ್ದಾಗ ಯುದ್ಧ ಶುರುವಾಯಿತು. ಮಾರ್ಚ್‌ನಲ್ಲಿ ಹೇಗೋ ಮನೆ ಸೇರಿಕೊಂಡ. ಆಮೇಲೆ ಆನ್‌ಲೈನ್ ಕ್ಲಾಸು. ಮಳೆಗಾಲದಲ್ಲಿ ಮನೆಯೊಳಗೆ ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ, ಛತ್ರಿ ಹಿಡಿದು ಕೂತು ಪಾಠ ಕೇಳಿದ್ದಾನೆ. ಈಗ ಅವನು ಹೇಳುತ್ತಿರುವುದು ಒಂದೇ: ನಾನು ವಾಪಸ್ ಹೋಗ್ತೇನೆ. ಖಾರ್ಕಿವ್‌ಗೆ ಅಲ್ಲ, ಉಕ್ರೇನಿನ ಪಶ್ಚಿಮದ ಕಡೆ. ಅಲ್ಲಿ ಕಾಲೇಜು ನಡೆಯುತ್ತಿದೆ, ಗೆಳೆಯರು ಆಗಲೇ ಹೋಗಿದ್ದಾರೆ.

ಅಮ್ಮ ಬೇಡವೇ ಬೇಡ ಅನ್ನುತ್ತಾರೆ. ಅಪ್ಪಯ್ಯ ಬಾಯಿ ಬಿಡುವುದಿಲ್ಲ, ಅವರ ತಲೆಯಲ್ಲಿ ಅಡಿಕೆ ಮಂಡಿಯಲ್ಲಿ ಮಾಡಿದ ಸಾಲದ ಲೆಕ್ಕ ಓಡುತ್ತಿದೆ. ಭದ್ರಾವತಿಯ ಸೋದರಮಾವ ಮಾತ್ರ "ಹೋಗಲಿ ಬಿಡಿ" ಅನ್ನುತ್ತಾರೆ. ಅವರ ಮಾತಿಗೆ ಆ ಮನೆಯಲ್ಲಿ ತೂಕ ಜಾಸ್ತಿ. ಯಾಕಂದ್ರೆ ಆ ಕುಟುಂಬದಲ್ಲಿ ಯುದ್ಧ ಕಂಡವರು ಹುಡುಗನನ್ನು ಬಿಟ್ಟರೆ ಅವರೊಬ್ಬರೇ. 1990ರಲ್ಲಿ ಇರಾಕ್ ಕುವೈತ್‌ಗೆ ನುಗ್ಗಿದಾಗ ಅವರು ಅಲ್ಲಿ ಫಿಟ್ಟರ್ ಆಗಿದ್ದರು. ಬರಿಗೈಯಲ್ಲಿ ಬಂದರು, ಮತ್ತೆ ಹೋದರು, ವರ್ಷಗಟ್ಟಲೆ ದುಡಿದರು, ಭದ್ರಾವತಿಯಲ್ಲಿ ಮನೆ ಕಟ್ಟಿಸಿದರು. "ನಾನು ಹೋಗಿ ಬಂದಿಲ್ವಾ ಭಾವ? ಯುದ್ಧ ಅಂದ್ರೆ ಟಿವಿಯವರು ತೋರಿಸಿದಷ್ಟು ಇರಲ್ಲ" ಅನ್ನುವುದು ಅವರ ವಾದ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಹುಡುಗನ ಅಪ್ಪನ ಹಳೇ ಪರಿಚಯ. "ಮೇಷ್ಟ್ರೇ, ನೀವೊಂದ್ಸಲ ಬಂದು ಕೂತ್ಕೊಂಡು ಇಬ್ಬರ ಮಾತೂ ಕೇಳಿ, ಯಾವುದು ಜಾಸ್ತಿ ಅಪಾಯ ಅಂತ ಹೇಳಿ" ಅಂದರು. ಆವತ್ತು ಕೂತು ಮಾತಾಡಿದ್ದು, ಆಮೇಲೆ ಆದದ್ದು, ಎರಡನ್ನೂ ಇಲ್ಲಿ ಬರೆದಿದ್ದೇನೆ. ಗುರುತು ಸಿಗಬಾರದು ಅಂತ ಊರು, ಹೆಸರು, ಕೆಲವು ವಿವರ ಬಿಟ್ಟಿದ್ದೇನೆ. ಮನೆಯವರ ಒಪ್ಪಿಗೆ ಇದೆ.

ಮಾವ ಕಂಡ ಯುದ್ಧ

1990ರ ಆಗಸ್ಟ್ 2ರ ಬೆಳಗಿನ ಜಾವ ಇರಾಕಿನ ಸೇನೆ ಕುವೈತ್ ಒಳಗೆ ಬಂತು. ಮಾವ ಎದ್ದು ಕಿಟಕಿ ತೆಗೆಯುವಷ್ಟರಲ್ಲಿ ರಸ್ತೆಯಲ್ಲಿ ಟ್ಯಾಂಕ್ ಇತ್ತಂತೆ. ಕುವೈತ್ ಅಂದರೆ ನಮ್ಮ ಎರಡು ಮೂರು ಜಿಲ್ಲೆ ಸೇರಿಸಿದಷ್ಟು ದೇಶ. ಎರಡು ದಿನದಲ್ಲಿ ಕೈಬದಲಾಯಿತು. ಆಗಸ್ಟ್ 8ಕ್ಕೆ ಸದ್ದಾಂ ಹುಸೇನ್ ಇದು ಇರಾಕಿನದೇ ಭಾಗ ಅಂತ ಸಾರಿದ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಮಾವ ಇದ್ದಷ್ಟು ದಿನ ಅವರ ಬಡಾವಣೆಯ ಮೇಲೆ ಬಾಂಬು ಬೀಳಲಿಲ್ಲ. ಅವರು ಕಂಡದ್ದು ಕದನ ಮುಗಿದ ಮೇಲಿನ ಆಳ್ವಿಕೆ. ಅದರ ಅಪಾಯವೇ ಬೇರೆ. ಅಂಗಡಿಗಳು ಲೂಟಿಯಾದವು. ಅಕ್ಕಿ, ಬ್ರೆಡ್ಡು ಸಿಗದಾಯಿತು. ಮಾಲೀಕ ಸೌದಿಗೆ ಓಡಿಹೋದ. ಕುವೈತ್ ದಿನಾರ್ ಮತ್ತು ಇರಾಕಿ ದಿನಾರ್ ಎರಡೂ ಒಂದೇ ಬೆಲೆ ಅಂತ ಇರಾಕ್ ಆಜ್ಞೆ ಮಾಡಿತು, ಅಂದರೆ ಮಾವ ಕೂಡಿಟ್ಟ ಹಣ ಒಂದೇ ಏಟಿಗೆ ಪುಡಿಕಾಸು. ವಿಮಾನ ನಿಲ್ದಾಣ ಮುಚ್ಚಿತ್ತು. ಫೋನು ಇಲ್ಲ.

ಆಗ ಅಲ್ಲಿ ಸುಮಾರು ಒಂದೂ ಮುಕ್ಕಾಲು ಲಕ್ಷ ಭಾರತೀಯರಿದ್ದರು. ನಮ್ಮ ಕರಾವಳಿಯವರು ಬೇಕಾದಷ್ಟು, ಭದ್ರಾವತಿ ಕಡೆಯ ಐಟಿಐ ಹುಡುಗರೂ ಇದ್ದರು. ಭಾರತ ಇರಾಕಿಗೆ ಶತ್ರುವಲ್ಲ. ಪಾಶ್ಚಾತ್ಯ ದೇಶಗಳವರನ್ನು ಹಿಡಿದಿಟ್ಟು ಆಯಕಟ್ಟಿನ ಜಾಗಗಳಲ್ಲಿ ಒತ್ತೆಯಾಗಿ ಕೂರಿಸಿದ ಸದ್ದಾಂ, ಭಾರತೀಯರನ್ನು ಬಿಟ್ಟುಬಿಟ್ಟ. ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೇ ಹೋಗಿ ಅವನನ್ನು ಭೇಟಿಯಾದರು. ಇಬ್ಬರೂ ಅಪ್ಪಿಕೊಂಡ ಫೋಟೋ ಬಗ್ಗೆ ಆಗ ಟೀಕೆ ಬಂದಿತ್ತು, ಈಗಲೂ ಬರುತ್ತದೆ. ಮಾವನನ್ನು ಕೇಳಿದರೆ "ತಬ್ಬಿಕೊಳ್ಳಲಿ ಬಿಡಿ, ನಮಗೆ ದಾರಿ ಬಿಟ್ಟರಲ್ಲ" ಅನ್ನುತ್ತಾರೆ.

ದಾರಿ ಅಂದರೆ ಕುವೈತ್‌ನಿಂದ ಬಸ್ರಾ, ಬಾಗ್ದಾದ್, ಅಲ್ಲಿಂದ ಜೋರ್ಡಾನಿನ ಅಮ್ಮಾನ್. ಸಾವಿರದೈನೂರು ಕಿಲೋಮೀಟರ್ ಆಸುಪಾಸು, ಮರುಭೂಮಿ, ಆಗಸ್ಟ್ ಸೆಪ್ಟೆಂಬರ್ ಬಿಸಿಲು. ಇರಾಕ್ ಜೋರ್ಡಾನ್ ಗಡಿಗಳ ನಡುವೆ ಟೆಂಟ್ ಹಾಕಿ ಜನರನ್ನು ಕೂರಿಸಿದ್ದರು. ಅಲ್ಲಿ ನೀರಿಗೆ ಹೊಡೆದಾಟ. ಮಾವ ಇಡೀ ಕಥೆಯಲ್ಲಿ ನಿಜವಾಗಿ ಹೆದರಿದ್ದು ಆ ಟೆಂಟಿನಲ್ಲೇ, ಪಕ್ಕದಲ್ಲಿದ್ದ ವಯಸ್ಸಾದ ಮಲಯಾಳಿಯೊಬ್ಬರಿಗೆ ಬಿಸಿಲ ಹೊಡೆತಕ್ಕೆ ಜ್ಞಾನ ತಪ್ಪಿದಾಗ. ಬಂದೂಕಿನ ಭಯ ಅವರಿಗೆ ಅಷ್ಟಾಗಿ ಆಗಲಿಲ್ಲ. ಅಮ್ಮಾನ್‌ನಿಂದ ಏರ್ ಇಂಡಿಯಾ 59 ದಿನಗಳಲ್ಲಿ 488 ಸಲ ಹಾರಿ ಒಂದು ಲಕ್ಷದ ಹತ್ತು ಸಾವಿರಕ್ಕೂ ಜಾಸ್ತಿ ಜನರನ್ನು ಕರೆತಂದಿತು. ಮಾವ ಬೊಂಬಾಯಿಗೆ ಬಂದು, ರೈಲು ಹಿಡಿದು, ಭದ್ರಾವತಿಯ ಮನೆ ಬಾಗಿಲಲ್ಲಿ ನಿಂತಾಗ ಅವರ ತಾಯಿಗೆ ಮಗ ಬದುಕಿದ್ದಾನೆ ಅನ್ನುವ ಸುದ್ದಿ ಕೂಡ ತಲುಪಿರಲಿಲ್ಲ.

ಮುಂದಿನದು ಮುಖ್ಯ. ಕುವೈತ್ ಮೇಲೆ ನಿಜವಾದ ದೊಡ್ಡ ಯುದ್ಧ ಆದದ್ದು ಆಮೇಲೆ. 1991ರ ಜನವರಿ 17ಕ್ಕೆ ವಿಮಾನ ದಾಳಿ, ಫೆಬ್ರವರಿ 24ಕ್ಕೆ ಭೂಸೇನೆ, ಫೆಬ್ರವರಿ 28ಕ್ಕೆ ಕದನ ನಿಂತಿತು. ಇರಾಕಿ ಸೈನಿಕರು ಹೋಗುವಾಗ ಆರು ನೂರಕ್ಕೂ ಹೆಚ್ಚು ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟರು, ಕೊನೆಯ ಬಾವಿ ಆರಿದ್ದು ನವೆಂಬರ್ 6ಕ್ಕೆ. ಇದ್ಯಾವುದನ್ನೂ ಮಾವ ನೋಡಲಿಲ್ಲ. ಅವರು ವಾಪಸ್ ಹೋದದ್ದು 1992ರಲ್ಲಿ. ಆಗ ಉಳಿದಿದ್ದ ಅಪಾಯ ಮರಳಲ್ಲಿ ಹೂತಿದ್ದ ನೆಲಬಾಂಬು. ಗುರುತು ಹಾಕಿದ ರಸ್ತೆ ಬಿಟ್ಟು ಇಳಿಯಬೇಡಿ ಅಂತ ಕಂಪನಿಯವರು ಹೇಳಿದ್ದರು, ಇವರು ಇಳಿಯಲಿಲ್ಲ, ಅಷ್ಟೇ.

ಹುಡುಗ ಕಂಡ ಯುದ್ಧ

2022ರ ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು. ಹೌದು, 1991ರಲ್ಲಿ ಭೂಸೇನೆ ಇಳಿದ ಅದೇ ತಾರೀಖು, ಇಲ್ಲಿ ಹುಡುಕಬೇಕಾದ ಅರ್ಥವೇನೂ ಇಲ್ಲ.

ಖಾರ್ಕಿವ್ ರಷ್ಯಾ ಗಡಿಯಿಂದ ಮೂವತ್ತು ನಲವತ್ತು ಕಿಲೋಮೀಟರ್. ತೀರ್ಥಹಳ್ಳಿಯಿಂದ ಆಗುಂಬೆಯಷ್ಟು ದೂರ. ಅಂದರೆ ಸಾಮಾನ್ಯ ರಾಕೆಟ್ ಲಾಂಚರ್‌ಗೂ ಆ ಊರು ಕೈಗೆಟುಕುತ್ತದೆ. ರಷ್ಯಾ ಊರನ್ನು ಹಿಡಿಯಲು ನೋಡಿತು, ಆಗಲಿಲ್ಲ. ಆಗದೇ ಇದ್ದದ್ದರಿಂದ ಹೊರಗೆ ನಿಂತು ಹೊಡೆಯುತ್ತಲೇ ಇತ್ತು. ಕುವೈತ್‌ಗೂ ಖಾರ್ಕಿವ್‌ಗೂ ಇರುವ ಮೊದಲ ವ್ಯತ್ಯಾಸ ಇದೇ. ಸೋತ ಊರಿನಲ್ಲಿ ಸೈನಿಕನ ಮರ್ಜಿಯಲ್ಲಿ ಬದುಕಬೇಕು. ಸೋಲದ ಊರಿನಲ್ಲಿ ಮೇಲಿಂದ ಬೀಳುವುದರ ಕೆಳಗೆ ಬದುಕಬೇಕು.

ಹುಡುಗ ಮತ್ತು ಅವನ ಗೆಳೆಯರು ಹಾಸ್ಟೆಲ್ ನೆಲಮಾಳಿಗೆಯಲ್ಲಿ ಇದ್ದರು, ಕೆಲವು ರಾತ್ರಿ ಮೆಟ್ರೋ ಸ್ಟೇಷನ್ನಿನಲ್ಲಿ. ಮಾರ್ಚ್ 1ಕ್ಕೆ ಅದೇ ಊರಲ್ಲಿ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ದಿನಸಿ ತರಲು ಹೋದವನು ದಾಳಿಯಲ್ಲಿ ತೀರಿಕೊಂಡ. ಕರ್ನಾಟಕದಲ್ಲಿ ಆ ಸುದ್ದಿ ಕೇಳದವರಿಲ್ಲ. ಮರುದಿನ ನಮ್ಮ ರಾಯಭಾರ ಕಚೇರಿಯಿಂದ ಸೂಚನೆ ಬಂತು: ಖಾರ್ಕಿವ್ ಬಿಡಿ, ವಾಹನ ಸಿಗದಿದ್ದರೆ ನಡೆದಾದರೂ ಹೋಗಿ, ಸಂಜೆ ಆರರೊಳಗೆ ಹತ್ತಿರದ ಊರುಗಳಾದ ಪೆಸೋಚಿನ್, ಬಬಾಯಿ ಅಥವಾ ಬೆಜ್ಲುದೋವ್ಕಾ ಸೇರಿ. ಹುಡುಗ ಪೆಸೋಚಿನ್‌ಗೆ ನಡೆದ. ಹಿಮ, ಸುಮಾರು ಹತ್ತು ಕಿಲೋಮೀಟರ್. ಆಮೇಲೆ ಬಸ್ಸು, ರೊಮೇನಿಯಾ, ವಿಮಾನ. ಉಕ್ರೇನ್‌ನಲ್ಲಿದ್ದ ನಮ್ಮವರನ್ನು ಕರೆತರಲು ಭಾರತ ಸರ್ಕಾರ ನಡೆಸಿದ ಆಪರೇಷನ್ ಗಂಗಾ ಒಟ್ಟು 90 ವಿಮಾನ ಹಾರಿಸಿತ್ತು. ಅದರಲ್ಲಿ ಒಂದರಲ್ಲಿ ಇವನೂ ಬಂದ.

ಮಾವ ಇಲ್ಲಿ ಒಂದು ಮಾತು ಸೇರಿಸಿದರು. "ನೋಡು ಮಾರಾಯ, ನಾವೂ ಬಸ್ಸಿಗೆ ತ್ರಿವರ್ಣ ಕಟ್ಟಿದ್ವಿ, ನೀವೂ ಕಟ್ಟಿದ್ರಿ. ಇಬ್ಬರನ್ನೂ ಬಿಟ್ಟರು." ಹುಡುಗನೂ ಹೌದೆಂದ. ಚೆಕ್‌ಪೋಸ್ಟ್‌ಗಳಲ್ಲಿ ಧ್ವಜ ಕೆಲಸ ಮಾಡಿದ್ದು ನಿಜ. ಆದರೆ ನಾನು ಅಲ್ಲೇ ತಡೆದೆ. ಧ್ವಜ ನೋಡಿ ಬಿಡುವುದು ಚೆಕ್‌ಪೋಸ್ಟಿನಲ್ಲಿ ನಿಂತ ಮನುಷ್ಯ. ಕುವೈತ್‌ನಲ್ಲಿ ಮಾವನಿಗೆ ಎದುರಾದ ಅಪಾಯಕ್ಕೆಲ್ಲ ಒಂದು ಮುಖ ಇತ್ತು: ಸೈನಿಕ, ಲೂಟಿಕೋರ, ಗಡಿಯ ಅಧಿಕಾರಿ. ಮಾತಾಡಬಹುದು, ಸಿಗರೇಟು ಕೊಡಬಹುದು, ಹಿಂದಿ ಸಿನಿಮಾ ಹೆಸರು ಹೇಳಿ ನಗಿಸಬಹುದು (ಮಾವ ಇದನ್ನೂ ಮಾಡಿದ್ದಾರೆ). ಖಾರ್ಕಿವ್‌ನಲ್ಲಿ ಬಿದ್ದ ಶೆಲ್‌ಗೆ ಪಾಸ್‌ಪೋರ್ಟ್ ತೋರಿಸಲು ಆಗುವುದಿಲ್ಲ, ಅಲ್ವಾ? ದಿನಸಿಗೆ ಹೋದ ಹುಡುಗನೂ ಭಾರತೀಯನೇ ಆಗಿದ್ದ.

ಮಾವ ಸುಮ್ಮನಾದರು. ಒಪ್ಪಿದರು ಅಂತಲ್ಲ.

ಯಾವುದು ಜಾಸ್ತಿ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ

ಇಂಥ ಮಾತುಕತೆ ಹಾದಿ ತಪ್ಪುವುದು ಎಲ್ಲರೂ ಯುದ್ಧ ಯುದ್ಧವನ್ನೇ ತೂಗಲು ಕೂರುವುದರಿಂದ. ಇದು ದೊಡ್ಡದಾ, ಅದು ದೊಡ್ಡದಾ. ಎಷ್ಟು ದೇಶ ಸೇರಿತ್ತು, ಎಷ್ಟು ಜನ ಸತ್ತರು. ಆ ಲೆಕ್ಕದಿಂದ ತೀರ್ಥಹಳ್ಳಿಯ ಹುಡುಗನಿಗೆ ಏನೂ ತಿಳಿಯುವುದಿಲ್ಲ. ಕೇಳಬೇಕಾದ್ದು ಬೇರೆ: ಈ ಮನುಷ್ಯ, ಈ ಊರಲ್ಲಿ, ಇಷ್ಟು ದಿನ ಇದ್ದರೆ, ಅವನ ಮೇಲೆ ಏನು ಬರಬಹುದು, ಎಲ್ಲಿಂದ ಬರಬಹುದು, ಬಂದರೆ ಯಾವ ಬಾಗಿಲಿನಿಂದ ಓಡಬಹುದು?

ದೂರದಿಂದ ಶುರು ಮಾಡೋಣ, ಯಾಕಂದ್ರೆ ಹುಡುಗನ ವಾದ ನಿಂತಿದ್ದೇ ಅದರ ಮೇಲೆ. ಪಶ್ಚಿಮ ಉಕ್ರೇನ್ ಯುದ್ಧದಿಂದ ದೂರ ಅನ್ನುತ್ತಿದ್ದ. ನಕ್ಷೆಯಲ್ಲಿ ನೋಡಿದರೆ ಸರಿ. ಖಾರ್ಕಿವ್‌ನಿಂದ ಪಶ್ಚಿಮದ ತುದಿಯ ಉಜ್‌ಹೊರೊದ್‌ಗೆ ಸಾವಿರ ಕಿಲೋಮೀಟರ್ ದಾಟುತ್ತದೆ. ಬೀದರ್‌ನಿಂದ ಚಾಮರಾಜನಗರದ ತನಕ ಅಳೆದರೂ ಅಷ್ಟಾಗುವುದಿಲ್ಲ. 1991ರ ಲೆಕ್ಕದಲ್ಲಿ ಅಷ್ಟು ದೂರ ಅಂದರೆ ನಿಶ್ಚಿಂತೆ. ಆ ಯುದ್ಧದಲ್ಲಿ ಇರಾಕ್ ಇಸ್ರೇಲ್ ಮತ್ತು ಸೌದಿ ಮೇಲೆ ಹಾರಿಸಿದ ಸ್ಕಡ್ ಕ್ಷಿಪಣಿ ಎಲ್ಲಾ ಸೇರಿ ನೂರರ ಒಳಗೆ. ಗುರಿಯೂ ಅಷ್ಟಕ್ಕಷ್ಟೇ.

ಈಗ ಹಾಗಿಲ್ಲ. ಕ್ರೂಸ್ ಕ್ಷಿಪಣಿಗೆ ಸಾವಿರ ಕಿಲೋಮೀಟರ್ ಏನೂ ಅಲ್ಲ. ಇರಾನ್ ಮೂಲದ ಶಾಹೆದ್ ಡ್ರೋನ್ ಕೂಡ ಸಾವಿರ ಕಿಲೋಮೀಟರಿಗಿಂತ ಆಚೆ ಹೋಗುತ್ತದೆ. ಕ್ಷಿಪಣಿಗೆ ಹೋಲಿಸಿದರೆ ಅದು ಅಗ್ಗ, ಹಾಗಾಗಿ ಕಂತು ಕಂತಾಗಿ ಬಿಡಬಹುದು. ನಾವು ಮಾತಾಡುತ್ತಿದ್ದ ಸೆಪ್ಟೆಂಬರ್‌ನಲ್ಲೇ ರಷ್ಯಾ ಅದನ್ನು ಬಳಸಲು ಶುರು ಮಾಡಿತ್ತು. ಮುಂಚೂಣಿ ಎಲ್ಲಿದೆ ಅನ್ನುವುದರಿಂದ ಹಿಂದಿನ ಊರು ಎಷ್ಟು ಸುರಕ್ಷಿತ ಅಂತ ಹೇಳುವ ಕಾಲ ಮುಗಿದಿದೆ ಅಂತ ನನಗೆ ಅನಿಸಿತು. ಅದೇ ಜುಲೈ 14ಕ್ಕೆ ವಿನ್ನಿತ್ಸಿಯಾ ಪಟ್ಟಣದ ನಡುಮಧ್ಯಕ್ಕೆ ಕ್ಷಿಪಣಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ವಿನ್ನಿತ್ಸಿಯಾ ಕೂಡ ನಮ್ಮ ಮೆಡಿಕಲ್ ಹುಡುಗರು ತುಂಬಿದ್ದ ಊರು. ಯುದ್ಧದ ಮುಂಚೂಣಿಯಿಂದ ಅದೂ ದೂರವೇ.

ಆದರೆ ಹುಡುಗನ ಪರವಾಗಿಯೂ ಹೇಳಬೇಕು. ಸಾವಿರ ಕಿಲೋಮೀಟರ್‌ಗೆ ಬೆಲೆಯೇ ಇಲ್ಲ ಅಂತಲ್ಲ. ಖಾರ್ಕಿವ್‌ನಲ್ಲಿ ಶೆಲ್ ಬಿದ್ದ ಮೇಲೆ ಸೈರನ್ ಕೂಗಿದ್ದೂ ಇದೆ, ಅಷ್ಟು ಹತ್ತಿರ. ಪಶ್ಚಿಮದ ಊರಿಗೆ ಕ್ಷಿಪಣಿ ಬರುವಷ್ಟರಲ್ಲಿ ಮೊಬೈಲಿಗೆ ಎಚ್ಚರಿಕೆ ಬಂದು, ನೆಲಮಾಳಿಗೆಗೆ ಇಳಿಯಲು ಸಮಯ ಸಿಗುತ್ತದೆ. ಉಜ್‌ಹೊರೊದ್ ಅಂತೂ ಸ್ಲೊವಾಕಿಯಾ ಗಡಿಗೆ ಅಂಟಿಕೊಂಡೇ ಇದೆ. ಬಾಗಿಲ ಲೆಕ್ಕದಲ್ಲಿ ಹುಡುಗ ಹೋಗಬೇಕೆಂದಿದ್ದ ಕಡೆ, ಮಾವ ಇದ್ದ ಕುವೈತ್‌ಗಿಂತ ಎಷ್ಟೋ ವಾಸಿ. ಮಾವನಿಗೆ ಇದ್ದದ್ದು ಒಂದೇ ದಾರಿ, ಅದೂ ದಾಳಿ ಮಾಡಿದವನ ರಾಜಧಾನಿಯ ಮೂಲಕ.

ಇನ್ನು ಸುದ್ದಿಯ ವಿಷಯ. ಇದು ಅಮ್ಮನಿಗೆ ಸಂಬಂಧಪಟ್ಟದ್ದು. 1990ರಲ್ಲಿ ಅವರಿನ್ನೂ ಹುಡುಗಿ. ಅಣ್ಣ ಕುವೈತ್‌ನಲ್ಲಿ ಸಿಕ್ಕಿಕೊಂಡಾಗ ಮನೆಯಲ್ಲಿ ಇದ್ದದ್ದು ಒಂದು ರೇಡಿಯೋ. ಆಕಾಶವಾಣಿ ಸುದ್ದಿ, ರಾತ್ರಿ ಬಿಬಿಸಿ ಹಿಂದಿ ಕೇಳಿ ಪಕ್ಕದ ಮನೆಯವರು ಅರ್ಥ ಹೇಳುತ್ತಿದ್ದರು. ಒಂದು ತಿಂಗಳಿಗೂ ಜಾಸ್ತಿ ಅಣ್ಣನ ಸುದ್ದಿಯೇ ಇಲ್ಲ. 2022ರಲ್ಲಿ ಮಗ ನೆಲಮಾಳಿಗೆಯಿಂದ ವಿಡಿಯೋ ಕಾಲ್ ಮಾಡುತ್ತಿದ್ದ, ಹಿಂದೆ ಸ್ಫೋಟದ ಸದ್ದು ಇವರಿಗೇ ಕೇಳಿಸುತ್ತಿತ್ತು. ಜತೆಗೆ ದಿನವಿಡೀ ಟಿವಿ. ಮಾವ ಹೇಳುವುದು, ತಂಗಿ ಹೆದರಿರುವುದು ನೋಡಿದ್ದಕ್ಕೆ, ಅಪಾಯಕ್ಕಲ್ಲ. ಇದರಲ್ಲಿ ಅರ್ಧ ನಿಜ ಇದೆ. ಕಂಡದ್ದಕ್ಕೆ ಹೆದರಿಕೆ ಜಾಸ್ತಿ, ಕಾಣದ್ದಕ್ಕೆ ಕಡಿಮೆ.

ಆದರೆ ಅದೇ ಮೊಬೈಲು ಹುಡುಗನನ್ನೂ ಮೋಸ ಮಾಡುತ್ತಿತ್ತು, ಉಲ್ಟಾ ದಿಕ್ಕಿನಲ್ಲಿ. ಅವನು ನಮಗೆಲ್ಲ ಗೆಳೆಯರ ಇನ್‌ಸ್ಟಾಗ್ರಾಂ ತೋರಿಸಿದ. ಕಾಫಿ ಅಂಗಡಿ, ಹೂವಿನ ಮಾರುಕಟ್ಟೆ, ಹಳೇ ಚರ್ಚಿನ ಮುಂದೆ ನಗುವ ಹುಡುಗರು. "ನೋಡಿ ಮೇಷ್ಟ್ರೇ, ಎಲ್ಲಾ ನಾರ್ಮಲ್." ಸೈರನ್ ಕೂಗಿ ನಾಲ್ಕು ಗಂಟೆ ನೆಲಮಾಳಿಗೆಯಲ್ಲಿ ಕೂತದ್ದನ್ನು ಯಾರೂ ರೀಲ್ ಮಾಡಿ ಹಾಕುವುದಿಲ್ಲ. ಮಾಡಿದರೂ ಅದನ್ನು ಅವರು ತಮ್ಮ ಅಪ್ಪ ಅಮ್ಮ ನೋಡುವ ಕಡೆ ಹಾಕುವುದಿಲ್ಲ.

ವಿಷಾನಿಲ, ಅಣುಬಾಂಬಿನ ಮಾತೂ ಬಂತು. 1990ರಲ್ಲಿ ಸದ್ದಾಂ ವಿಷಾನಿಲ ಬಿಡುತ್ತಾನೆ ಅನ್ನುವ ಭಯ. 1988ರಲ್ಲಿ ಹಲಬ್ಜಾದಲ್ಲಿ ತನ್ನದೇ ಜನರ ಮೇಲೆ ಬಿಟ್ಟಿದ್ದ, ಹಾಗಾಗಿ ಅದು ಬರೀ ಗಾಳಿಸುದ್ದಿ ಆಗಿರಲಿಲ್ಲ. ಉಕ್ರೇನ್‌ನಲ್ಲಿ ಜಪೊರಿಜಿಯಾದ ಆರು ರಿಯಾಕ್ಟರುಗಳ ಅಣು ಸ್ಥಾವರ ಮಾರ್ಚ್‌ನಿಂದ ರಷ್ಯಾ ಸೈನ್ಯದ ಕೈಯಲ್ಲಿದೆ. ಇವು ದೊಡ್ಡ ಅಪಾಯಗಳೇ. ಆದರೆ ಒಬ್ಬ ಹುಡುಗ ಹೋಗಬೇಕಾ ಬೇಡವಾ ಅನ್ನುವ ತೀರ್ಮಾನವನ್ನು ಇವುಗಳ ಮೇಲೆ ಕೂರಿಸಲು ಆಗುವುದಿಲ್ಲ. ಬಿಟ್ಟು ಮುಂದೆ ಹೋದೆವು.

ನನ್ನ ಪ್ರಕಾರ ನಿಜವಾಗಿ ತೂಕದ ವಿಷಯ ಅವಧಿ. ಮಾವನ ಯುದ್ಧ ಆಗಸ್ಟ್‌ನಿಂದ ಫೆಬ್ರವರಿ, ಏಳು ತಿಂಗಳಲ್ಲಿ ಮುಗಿಯಿತು. ಮುಗಿದ ಮೇಲೆ ಅವರು ಹೋದರು. ಹುಡುಗನಿಗೆ ಬೇಕಿದ್ದದ್ದು ಇನ್ನೂ ಎರಡು ವರ್ಷ, ಯುದ್ಧದ ಒಳಗೇ. ಒಂದು ದಿನದ ಅಪಾಯ ಸಣ್ಣದೇ ಇರಬಹುದು. ಅದನ್ನು ಎರಡು ವರ್ಷದ ಪ್ರತಿ ರಾತ್ರಿಗೂ ಹಂಚಿ ಕೂಡಿಸಿದಾಗ ಅದು ಸಣ್ಣದಾಗಿ ಉಳಿಯುತ್ತದಾ? ಇದನ್ನು ನಾನು ಬೋರ್ಡಿನ ಮೇಲೆ ಬರೆಯುವ ಮೇಷ್ಟರ ಥರ ಉದ್ದಕ್ಕೆ ವಿವರಿಸುತ್ತಿದ್ದೆ. ಹುಡುಗನ ಅಮ್ಮ ಒಳಗಿನಿಂದಲೇ ಮುಗಿಸಿಬಿಟ್ಟರು: "ಅಣ್ಣಯ್ಯ, ನೀನು ತುಂಗೆ ಇಳಿದ ಮೇಲೆ ದಾಟಿದೆ. ಇವನು ತುಂಬಿದ ಹೊಳೆಗೆ ದೋಣಿ ಹಾಕ್ತೇನೆ ಅಂತಿದ್ದಾನೆ. ಎರಡೂ ಒಂದೇ ಹೇಗಾಗುತ್ತೆ?"

ಬಾಕಿ

ಇಷ್ಟೆಲ್ಲ ವ್ಯತ್ಯಾಸ ಹೇಳಿದ ಮೇಲೆ, ಎರಡೂ ಯುದ್ಧಗಳಲ್ಲಿ ಒಂದೇ ಥರ ಇದ್ದ ಒಂದು ಅಪಾಯವನ್ನು ಹೇಳಲೇಬೇಕು. ಆವತ್ತಿನ ಮಾತಿನಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ಅದು ಮದ್ದುಗುಂಡಿನದ್ದಲ್ಲ.

ಮಾವ ಕುವೈತ್‌ನಿಂದ ಮೊದಲ ವಾರವೇ ಹೊರಡಬಹುದಿತ್ತು. ಅವರ ಕೋಣೆಯಲ್ಲಿದ್ದ ಇಬ್ಬರು ಕಾರು ಹಿಡಿದು ಹೊರಟೇಬಿಟ್ಟರು. ಮಾವ ನಿಂತರು. ಯಾಕೆ? ಕಂಪನಿಯಿಂದ ಎರಡು ತಿಂಗಳ ಸಂಬಳ ಬರಬೇಕಿತ್ತು, ಸರ್ವೀಸಿನ ಹಣ ಬೇರೆ. ಮಾಲೀಕ ಓಡಿಹೋಗಿದ್ದಾನೆ ಅಂತ ಗೊತ್ತಿದ್ದೂ, ಬರುತ್ತಾನೇನೋ ಅಂತ ದಿನಾ ಆಫೀಸಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದರು. ಸಂಬಳ ಬರಲಿಲ್ಲ. ಅಷ್ಟರಲ್ಲಿ ಗಡಿಯ ಟೆಂಟುಗಳು ತುಂಬಿಹೋಗಿದ್ದವು.

ಹುಡುಗನದ್ದೂ ಅಷ್ಟೇ. ಯುದ್ಧಕ್ಕೆ ಮುಂಚೆ ಫೆಬ್ರವರಿ 15ಕ್ಕೇ ನಮ್ಮ ರಾಯಭಾರ ಕಚೇರಿ, ಇರಲೇಬೇಕಾದ ಅಗತ್ಯ ಇಲ್ಲದವರು, ಮುಖ್ಯವಾಗಿ ವಿದ್ಯಾರ್ಥಿಗಳು, ಸದ್ಯಕ್ಕೆ ಹೊರಡುವುದು ಒಳ್ಳೆಯದು ಅಂತ ಹೇಳಿತ್ತು. ವಿಮಾನವೂ ಇತ್ತು, ಟಿಕೆಟ್ ದುಬಾರಿ. ಕಾಲೇಜಿನವರು ಹಾಜರಾತಿ ಕಡಿಮೆಯಾದರೆ ತೊಂದರೆ ಅಂದರು. ವರ್ಷಕ್ಕೆ ನಾಲ್ಕು ಸಾವಿರ ಡಾಲರ್ ಆಸುಪಾಸು ಫೀಸು ಕಟ್ಟಿ ಆಗಿದೆ, ಹಾಜರಾತಿ ಹೋದರೆ ಆ ಹಣ ನೀರುಪಾಲು. ನಿಂತ. 24ರ ಬೆಳಿಗ್ಗೆ ಆಕಾಶಮಾರ್ಗ ಮುಚ್ಚಿತು, ಕೀವ್ ಕಡೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಅರ್ಧ ದಾರಿಯಲ್ಲಿ ತಿರುಗಿಕೊಂಡಿತು.

ಮೂವತ್ತೆರಡು ವರ್ಷದ ಅಂತರದಲ್ಲಿ ಆಯುಧ ಬದಲಾಯಿತು, ಫೋನು ಬಂತು, ವಿಮಾನ ಬೇಗ ಬಂತು. ಆದರೆ ಒಳಗಿರುವವನನ್ನು ಅಲ್ಲೇ ಕಟ್ಟಿಹಾಕುವುದು ಅದೇ ಬಾಕಿ. ಸಂಬಳದ ಬಾಕಿ, ಫೀಸಿನ ಬಾಕಿ, ಓದಿದ ವರ್ಷಗಳ ಬಾಕಿ. ಸೆಪ್ಟೆಂಬರ್‌ನಲ್ಲಿ ಹುಡುಗ ವಾಪಸ್ ಹೋಗ್ತೇನೆ ಅನ್ನುವಾಗಲೂ ಮಾತಾಡುತ್ತಿದ್ದದ್ದು ಧೈರ್ಯ ಅಲ್ಲ, ಅದೇ ಬಾಕಿ. ನಾಲ್ಕು ವರ್ಷ ಹಾಕಿದ್ದೇನೆ, ಬಿಡೋದು ಹೇಗೆ?

ಅಪ್ಪಯ್ಯ ಆವತ್ತು ಮೊದಲ ಸಲ ಬಾಯಿ ಬಿಟ್ಟದ್ದು ಇಲ್ಲೇ. ಆ ವರ್ಷ ತೋಟಕ್ಕೆ ಎಲೆಚುಕ್ಕಿ ರೋಗ ಬಿದ್ದಿತ್ತು. ಆಗುಂಬೆ, ಹೊಸನಗರ ಕಡೆ ಅದೆಷ್ಟೋ ತೋಟ ಸುಟ್ಟಹಾಗಾಗಿದ್ದು ಓದಿದವರಿಗೆ ನೆನಪಿರಬಹುದು. "ನಾನು ಹಾಕಿದ ದುಡ್ಡಿನ ಲೆಕ್ಕ ನಾನು ನೋಡ್ಕೊಳ್ತೇನೆ, ಅದನ್ನ ನೀನು ಹೊತ್ಕೊಂಡು ಅಲ್ಲಿಗೆ ಹೋಗಬೇಡ" ಅಂದರು. ಮಗ ತಲೆ ಎತ್ತಲಿಲ್ಲ.

ಆಮೇಲೆ ಆದದ್ದು

ಹುಡುಗನ ಮುಂದೆ ದಾರಿಗಳು ಹೆಚ್ಚಿರಲಿಲ್ಲ. ಭಾರತದ ಕಾಲೇಜುಗಳಲ್ಲಿ ಸೇರಿಸಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇಲ್ಲ ಅಂತ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಅದೇ ತಿಂಗಳು ಹೇಳಿತ್ತು. ಸೆಪ್ಟೆಂಬರ್ 6ಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೊಂದು ಬಾಗಿಲು ತೆಗೆದಿತ್ತು: ಉಕ್ರೇನಿನ ಕಾಲೇಜಿನ ವಿದ್ಯಾರ್ಥಿಯಾಗಿ ಇದ್ದುಕೊಂಡೇ ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಬಹುದು, ಪದವಿ ಉಕ್ರೇನಿನ ಕಾಲೇಜೇ ಕೊಡುತ್ತದೆ. ಅದಕ್ಕೆ ಖರ್ಚು ಜಾಸ್ತಿ. ಕಾಗದಪತ್ರವೂ ಜಾಸ್ತಿ.

ಮಾತುಕತೆ ಮುಗಿದಾಗ ಏನೂ ತೀರ್ಮಾನ ಆಗಿರಲಿಲ್ಲ. ಉಕ್ರೇನ್ ಒಳಗೆ ಹೋಗಲು ಹುಡುಗ ಪಕ್ಕದ ಮೊಲ್ಡೋವಾದ ವೀಸಾ ಬಗ್ಗೆ ವಿಚಾರಿಸುತ್ತಲೇ ಇದ್ದ, ನನಗೆ ಗೊತ್ತು. ತೀರ್ಮಾನ ಮಾಡಿದ್ದು ಅಕ್ಟೋಬರ್ 10. ಆವತ್ತು ಒಂದೇ ದಿನ ರಷ್ಯಾ 80ಕ್ಕೂ ಹೆಚ್ಚು ಕ್ಷಿಪಣಿ ಹಾರಿಸಿತು ಅಂತ ಉಕ್ರೇನ್ ಹೇಳಿತು. ಇರಾಕ್ ಇಡೀ ಯುದ್ಧದಲ್ಲಿ ಹಾರಿಸಿದ ಸ್ಕಡ್‌ಗಳ ಲೆಕ್ಕಕ್ಕೆ ಹತ್ತಿರ ಹತ್ತಿರ, ಒಂದೇ ದಿನದಲ್ಲಿ. ಗುರಿ ವಿದ್ಯುತ್ ಕೇಂದ್ರಗಳು. ಪಶ್ಚಿಮದ ಲ್ವಿವ್‌ನಲ್ಲೂ ಕರೆಂಟು ಹೋಯಿತು. ಚಳಿಗಾಲ ಎದುರಿಗಿತ್ತು. ಕರೆಂಟಿಲ್ಲದ ಆಸ್ಪತ್ರೆಯಲ್ಲಿ ಯಾರಿಗೆ ಯಾವ ಪಾಠ? ಅಕ್ಟೋಬರ್ 19ಕ್ಕೆ ರಾಯಭಾರ ಕಚೇ‌ರಿ, ಉಕ್ರೇನ್‌ಗೆ ಬರಬೇಡಿ, ಇರುವವರು ವಿದ್ಯಾರ್ಥಿಗಳೂ ಸೇರಿ ಬೇಗ ಹೊರಡಿ ಅಂತ ಹೇಳಿತು. ಅಲ್ಲಿದ್ದ ಹುಡುಗರಲ್ಲಿ ಎಷ್ಟೋ ಜನ ಹೊರಡಲಿಲ್ಲ. ಮತ್ತೆ ಅದೇ ಬಾಕಿ.

ನಮ್ಮ ಹುಡುಗ ಜಾರ್ಜಿಯಾದ ಟಿಬಿಲಿಸಿಗೆ ಹೋದ. ಮಂಡಿ ಸಾಲ ಏರಿತು. ಅಮ್ಮನ ಒಂದೆರಡು ಒಡವೆ ಬ್ಯಾಂಕಿಗೆ ಹೋದವು. ಅರ್ಧ ಖರ್ಚು ಕೊನೆಗೆ ಕೊಟ್ಟದ್ದು ಮಾವ. "ಹೋಗಲಿ ಬಿಡಿ" ಅಂದವರು ಅವರೇ, ಬೇರೆ ಕಡೆ ಹೋಗಲು ದುಡ್ಡು ಕೊಟ್ಟವರೂ ಅವರೇ.

ಅವನ ರೂಮ್‌ಮೇಟ್ ಮಾತ್ರ ವಾಪಸ್ ಉಕ್ರೇನ್‌ಗೆ ಹೋದ, ಪಶ್ಚಿಮದ ತೆರ್ನೊಪಿಲ್‌ಗೆ. 2024ರಲ್ಲಿ ಓದು ಮುಗಿಸಿಕೊಂಡು ಒಂದು ಗೀರೂ ಇಲ್ಲದೆ ಬಂದ. ಖರ್ಚೂ ಕಡಿಮೆ, ಕಾಗದದ ತಲೆನೋವೂ ಕಡಿಮೆ. ಮಾವನಿಗೆ ಇದು ಸಿಕ್ಕಿದ್ದೇ ತಡ, ತೀರ್ಥಹಳ್ಳಿಗೆ ಬಂದಾಗಲೆಲ್ಲ ಎತ್ತುತ್ತಾರೆ. "ಆ ಹುಡುಗನಿಗೆ ಏನಾಯ್ತು ಹೇಳಿ ಮೇಷ್ಟ್ರೇ?" ಏನೂ ಆಗಲಿಲ್ಲ, ನಿಜ. ಹೋದವರಲ್ಲಿ ಹೆಚ್ಚಿನವರಿಗೆ ಏನೂ ಆಗಲಿಲ್ಲ. ಆದರೆ ಏನೂ ಆಗದವನು ಬಂದು ಕಥೆ ಹೇಳುತ್ತಾನೆ, ಆದವನು ಬಂದು ಹೇಳುವುದಿಲ್ಲ. ಮಾವನ ಕುವೈತ್ ಕಥೆಯೂ ಬದುಕಿ ಬಂದವನ ಕಥೆಯೇ. ಒಬ್ಬ ಕ್ಷೇಮವಾಗಿ ಬಂದ ಅನ್ನುವುದರಿಂದ ಅವನು ಹೋದಾಗ ಇದ್ದ ಅಪಾಯ ಸಣ್ಣದಾಗಿತ್ತು ಅಂತ ಆಗುವುದಿಲ್ಲ. ಇದನ್ನು ನಾನು ಅವರಿಗೆ ಹೇಳಿದ್ದೇನೆ. ಅವರು ನಗುತ್ತಾರೆ.

2025ರ ನವೆಂಬರ್ 19ಕ್ಕೆ ಅದೇ ತೆರ್ನೊಪಿಲ್‌ನ ಅಪಾರ್ಟ್‌ಮೆಂಟುಗಳ ಮೇಲೆ ಕ್ಷಿಪಣಿ ಬಿದ್ದು ಇಪ್ಪತ್ತೈದಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಹೊತ್ತಿಗೆ ರಷ್ಯಾ ಒಂದೇ ರಾತ್ರಿಯಲ್ಲಿ ಎಂಟು ನೂರು ಡ್ರೋನ್ ಬಿಡುವ ಮಟ್ಟಕ್ಕೆ ಬಂದಿತ್ತು. ಹುಡುಗನ ಅಮ್ಮ ತೆರ್ನೊಪಿಲ್ ದಾಳಿಯ ಫೋಟೋವನ್ನು ಅಣ್ಣನ ವಾಟ್ಸಾಪಿಗೆ ಕಳಿಸಿದರು, ಜತೆಗೆ ಒಂದು ಮಾತೂ ಬರೆಯದೆ. ಮಾವ ನೋಡಿದ್ದಾರೆ, ಎರಡು ನೀಲಿ ಗೆರೆ ಬಂದಿದೆ. ಉತ್ತರ ಬಂದಿಲ್ಲ. ನನ್ನನ್ನು ಕೇಳಿದರೆ ಅದೂ ಸರಿಯಾದ ವಾದ ಅಲ್ಲ. ರೂಮ್‌ಮೇಟ್ ಬದುಕಿ ಬಂದದ್ದರಿಂದ ಮಾವ ಗೆಲ್ಲದಿದ್ದರೆ, ಅವನು ಬಂದ ಮೇಲೆ ಬಿದ್ದ ಕ್ಷಿಪಣಿಯಿಂದ ಅಮ್ಮ ಗೆಲ್ಲುವುದೂ ಇಲ್ಲ. 2022ರ ಅಕ್ಟೋಬರ್‌ನಲ್ಲಿ ಗೊತ್ತಿದ್ದದ್ದು ಏನು, ಅದರ ಮೇಲೆ ಏನು ಮಾಡಬೇಕಿತ್ತು, ಅಷ್ಟೇ ನೋಡಬೇಕು. ಅದನ್ನು ನೋಡಿದರೆ ಹೋಗದೇ ಇದ್ದದ್ದು ಸರಿ ಅಂತ ನನ್ನ ಅಭಿಪ್ರಾಯ.

ಹಣದ ವಿಷಯ ಒಂದು ಉಳಿದಿದೆ. ಕುವೈತ್‌ನಿಂದ ಬಂದವರಿಗೆ ಪರಿಹಾರ ಕೊಡಲು ವಿಶ್ವಸಂಸ್ಥೆ 1991ರಲ್ಲಿ ಜಿನೀವಾದಲ್ಲಿ ಒಂದು ಆಯೋಗ ಮಾಡಿತ್ತು. ಇರಾಕಿನ ಎಣ್ಣೆ ಮಾರಿದ ಹಣದಲ್ಲಿ ಪಾಲು ಅದಕ್ಕೆ. ದೇಶ ಬಿಟ್ಟು ಬರಬೇಕಾಯಿತು ಅನ್ನುವ ಒಂದೇ ಕಾರಣಕ್ಕೆ, ಬೇರೆ ಏನೂ ಕೇಳುವುದಿಲ್ಲ ಅಂತ ಒಪ್ಪಿದ ಒಬ್ಬೊಬ್ಬರಿಗೆ ನಾಲ್ಕು ಸಾವಿರ ಡಾಲರ್ ನಿಗದಿಯಾಗಿತ್ತು. ಮಾವನಿಗೂ ವರ್ಷಗಳಾದ ಮೇಲೆ ಬಂತು. ಭದ್ರಾವತಿ ಮನೆಯ ತಾರಸಿ ಆದದ್ದು ಅದರಲ್ಲೇ. ಆ ಆಯೋಗಕ್ಕೆ ಇರಾಕ್ ಕೊನೆಯ ಕಂತು ಕಟ್ಟಿದ್ದು 2022ರ ಜನವರಿಯಲ್ಲಿ, ಅಂದರೆ ಖಾರ್ಕಿವ್ ಮೇಲೆ ಶೆಲ್ ಬೀಳುವುದಕ್ಕೆ ಒಂದೂವರೆ ತಿಂಗಳೂ ಇಲ್ಲದಿರುವಾಗ. ಮೂವತ್ತು ವರ್ಷ ಹಿಡಿಯಿತು, ಆದರೂ ಬಂತು. ಹುಡುಗನಿಗೆ ಅಂಥದ್ದು ಏನೂ ಬಂದಿಲ್ಲ. ಫೀಸಿನ ಒಂದು ರೂಪಾಯಿಯೂ ವಾಪಸ್ ಇಲ್ಲ. ಪ್ರಯಾಣದ ವಿಮೆ ಮಾಡಿಸಿದ್ದ ಕಂಪನಿ ಯುದ್ಧದಿಂದಾದ ನಷ್ಟ ಪಾಲಿಸಿಯಲ್ಲಿ ಸೇರಿಲ್ಲ ಅಂತ ಎರಡು ಸಾಲಿನ ಮೇಲ್ ಕಳಿಸಿತು. ಅದು ಸುಳ್ಳೂ ಅಲ್ಲ, ಪಾಲಿಸಿಯ ಸಣ್ಣ ಅಕ್ಷರದಲ್ಲಿ ಹಾಗೇ ಇರುತ್ತದೆ.

ಹುಡುಗ ಪದವಿ ಪಡೆದು ಬಂದಿದ್ದಾನೆ. ವಿದೇಶದಲ್ಲಿ ಎಂಬಿಬಿಎಸ್ ಓದಿದವರು ಇಲ್ಲಿ ಪಾಸಾಗಬೇಕಾದ ಎಫ್‌ಎಂಜಿಇ ಪರೀಕ್ಷೆಯಲ್ಲಿ ಮುನ್ನೂರಕ್ಕೆ ನೂರೈವತ್ತು ಬೇಕು, ಮೊದಲ ಸಲ ಆಗಲಿಲ್ಲ, ಎರಡನೇ ಸಲಕ್ಕೆ ಓದುತ್ತಿದ್ದಾನೆ. ಆನ್‌ಲೈನ್‌ನಲ್ಲಿ ಕಳೆದ ತಿಂಗಳುಗಳ ಬದಲಿಗೆ ಆಮೇಲೆ ತರಗತಿಯಲ್ಲಿ ಕೂತು ಓದಿದ್ದಾನೆ ಅನ್ನುವ ಪತ್ರ ಬೇರೆ ಕೇಳುತ್ತಿದ್ದಾರೆ. ಅದನ್ನು ಕೊಡಬೇಕಾದ ಕಚೇರಿ ಖಾರ್ಕಿವ್‌ನಲ್ಲಿದೆ. ಮೇಲ್ ಹಾಕಿದರೆ ಉತ್ತರ ಬರುತ್ತದೆ, ಕರೆಂಟು ಇದ್ದ ದಿನ.